‘ಹೊಟ್ಟೆಕಿಚ್ಚು ಬೇಡ’ ವಿಸ್ತರಣಾ ಕೇಂದ್ರ

ವಿಶ್ವವಿದ್ಯಾಲಯದಿಂದ ದೂರದಲ್ಲಿರುವ ಕೇಂದ್ರಕ್ಕೆ ಮಾತ್ರ ವಿಸ್ತರಣಾ ಕೇಂದ್ರ ಎನ್ನಬಹುದು. ನ್ಯಾಕೊಬಾ ವಿಶ್ವವಿದ್ಯಾಲಯದ ನಿಯಮಾವಳಿ ಈ ವಿಷಯದಲ್ಲಿ ಯಾವ ಸಂದೇಹಕ್ಕೂ ಎಡೆಗೊಟ್ಟಿಲ್ಲ: “ಉದ್ಯೋಗಸ್ಥ ವಯಸ್ಕರ ಮನೆಬಾಗಿಲಿಗೇ ವಿದ್ಯೆಯನ್ನು ಒಯ್ಯುವ ಸದುದ್ದೇಶದಿಂದ, ಸದರಿ ವಯಸ್ಕರ ಮನೆಬಾಗಿಲು ಎಲ್ಲಿಯೇ ಇದ್ದಾಗ್ಯೂ, ಅವರಿಗೆ ರಿಯೊಟೆ ಊರಿನಲ್ಲಿ ಪಾಠ ಮಾಡತಕ್ಕದ್ದು.”

ಬೊಸಿಬೊರಿಯ ಮನೆಬಾಗಿಲು ನ್ಯಾಕೊಬಾದಲ್ಲಿತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ ವಿಶ್ವವಿದ್ಯಾಲಯದ ಹಿಂಗೋಡೆಗೇ ಅಂಟಿಕೊಂಡಿತ್ತು. ಆಕೆಯ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಕಟ್ಟಿದ್ದು ಆ ಗೋಡೆಯ ಮೊಳೆಗೇ. ಪ್ರಾಧ್ಯಾಪಕರು ಕೆಮ್ಮಿದರೆ ಇವಳ ಅಡುಗೆಮನೆಗೆ ಕೇಳಿಸುತ್ತಿತ್ತು.

“ಅಲ್ಲಪ್ಪ, ಈ ಗೋಡೆಗೆ ಒಂದು ಬಾಗಿಲಿಟ್ರೆ ನಾನು ಕ್ಲಾಸಿನೊಳಗೇ ಇರ್ತೀನಲ್ಲ,” ಎಂದು ಪ್ರವೇಶಾತಿ ಗುಮಾಸ್ತನನ್ನು ಕೇಳಿದಳು.

“ನೀವು ಕೆಲಸದಲ್ಲಿದೀರಿ ಮ್ವಾಲಿಮು, ನಿಮಗೆ ವಿಸ್ತರಣೆನೇ ಆಗ್ಬೇಕು. ಕೆಲಸ ಬಿಟ್ಟು ಬನ್ನಿ, ನಾಳೆನೇ ಒಳಗೆ ಸೇರಿಸ್ಕೋತೀನಿ,” ಎಂದ ಅವನು.

ಕೆಲಸ ಬಿಡುವ ಹಾಗಿದ್ದರೆ ಆಕೆಗೆ ಪದವಿಯೇ ಬೇಕಿರಲಿಲ್ಲ. ಊರಿಗೆಲ್ಲ ‘ಮ್ವಾಲಿಮು’, ಅಂದರೆ ಗುರು, ಆಗಿದ್ದ ಬೊಸಿಬೊರಿ, ಇಲಾಖೆಗೆ ಮಾತ್ರ ವರ್ಷಾನುಗಟ್ಟಲೆಯಿಂದ ‘ಪ್ರಭಾರ ಮುಖ್ಯೋಪಾಧ್ಯಾಯಿನಿ’. ಶಾಲೆಗೆ ತಗಡಿನ ಸೂರು ಹಾಕಿಸಿದವಳು ಆಕೆ, ನೀರಿನ ತೊಟ್ಟಿ ಕಟ್ಟಿಸಿದವಳು ಆಕೆ. ಆದರೂ ಗಂಡನ ಮಣ್ಣಿಗೆ ಬಂದ ಶಿಕ್ಷಣಾಧಿಕಾರಿ ಎದ್ದು ನಿಂತು ಸಂತಾಪ ಓದಿದ್ದು, “ಪ್ರಭಾರ ಮುಖ್ಯೋಪಾಧ್ಯಾಯಿನಿಯವರ ದಿವಂಗತ ಪತಿಯವರಿಗೆ” ಎಂದು. ಅಷ್ಟು ಅಳುವಿನ ನಡುವೆಯೂ ಆ ಒಂದು ಮಾತು ಆಕೆಗೆ ಮುಳ್ಳಿನಂತೆ ಚುಚ್ಚಿತ್ತು. ಈಗ ಹೊಸ ಆದೇಶ ಬಂದಿತ್ತು. ಮೂರನೇ ವರ್ಷದ ಕೊನೆಯೊಳಗೆ ಪದವಿ ಪಡೆಯದ ಪ್ರಭಾರಿಗಳು ಕುರ್ಚಿಯನ್ನು ಪದವೀಧರ ಸಹೋದ್ಯೋಗಿಗೆ ಒಪ್ಪಿಸತಕ್ಕದ್ದು. ಸಹೋದ್ಯೋಗಿಯ ಹೆಸರು ಸಗ್ವೆ. ಅವನು ಆದೇಶ ಬಂದ ದಿನವೇ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಒಮ್ಮೆ ಕೂತು, “ಸ್ವಲ್ಪ ಎತ್ತರ ಜಾಸ್ತಿ ಆಯ್ತು ಕಣ್ರೀ, ಕಾಲು ಕೊಯ್ಯಿಸ್ಬೇಕು,” ಎಂದಿದ್ದ. ಕುರ್ಚಿಯ ಕಾಲು ಎಂದು ಆಮೇಲೆ ಸೇರಿಸಿದ. ಆ ಕುರ್ಚಿಗೆಂದು ಬೊಸಿಬೊರಿ ತನ್ನ ಕೈಯಾರೆ ಬಿಳಿ ದಾರದ ಕ್ರೋಶಾ ಹೊದಿಕೆ ಹೆಣೆದು ಬೀರುವಿನಲ್ಲಿಟ್ಟಿದ್ದಳು. ಖಾಯಂ ಆದ ದಿನ ಹಾಸುವುದೆಂದು ಹಟ.

ಹೀಗೆ ಆಕೆ ಕೊಂಕಣ ಸುತ್ತಿ ಮೈಲಾರಕ್ಕೆ ಹೊರಟಳು. ಶನಿವಾರವನ್ನೇ ಪ್ರಾರ್ಥನೆಯ ದಿನವೆಂದು ನಂಬಿದ ಊರಿಗೆ ಊರೇ ಅಂದು ಚರ್ಚಿನಲ್ಲಿರುವುದರಿಂದ ಪಾಠ ಭಾನುವಾರಕ್ಕೆ. ಬ್ಯಾಂಕಿನ ಕಾವಲುಗಾರ, ಚಹಾ ಕಾರ್ಖಾನೆಯ ತೂಕದವನು, ಆಸ್ಪತ್ರೆಯ ದಾದಿ, ಹೀಗೆ ವಿದ್ಯಾರ್ಥಿಗಳೆಲ್ಲ ನ್ಯಾಕೊಬಾದವರೇ. ರಿಯೊಟೆಯಿಂದ ಒಬ್ಬರೂ ಸೇರಿರಲಿಲ್ಲ. ಪಾಠ ಮಾಡಬೇಕಾದ ಡಾಕ್ಟರ್ ಒಂಬಾಸರೂ ನ್ಯಾಕೊಬಾದವರೇ. ಕಾರಿನ ಭತ್ಯೆಯನ್ನು ಕಿಸೆಗೆ ಹಾಕಿಕೊಂಡು ಅವರೂ ಅದೇ ಮಟಾಟು ವ್ಯಾನು ಹತ್ತುತ್ತಿದ್ದರು. ವ್ಯಾನಿನ ಬೆನ್ನ ಮೇಲೆ ದೊಡ್ಡದಾಗಿ ‘ಹೊಟ್ಟೆಕಿಚ್ಚು ಬೇಡ’ ಎಂದು ಬರೆದಿತ್ತು.

ರಸ್ತೆ ಇತ್ತು ಎನ್ನುವುದಕ್ಕೆ ನಕ್ಷೆಯೇ ಸಾಕ್ಷಿ. ಗುಂಡಿ ತಪ್ಪಿಸಲು ಹೋಗಿ ಇನ್ನೊಂದು ಗುಂಡಿಗೆ ಇಳಿಯುತ್ತ, ಬೆಳಗಿನ ಚಹಾ ಕುಡಿದು ಹೊರಟವರು ರಿಯೊಟೆ ತಲುಪುವಾಗ ಮಧ್ಯಾಹ್ನವಾಗುತ್ತಿತ್ತು. ಅಲ್ಲಿ ಮಾಂಸದಂಗಡಿಯ ಮೇಲಿನ ಕೋಣೆಯೇ ಕೇಂದ್ರ. ಭಾನುವಾರ ಅದನ್ನು ಮಾಲೀಕ ಇನ್ನೊಂದು ಪಂಗಡದ ಪ್ರಾರ್ಥನೆಗೂ ಬಾಡಿಗೆಗೆ ಕೊಟ್ಟಿದ್ದ. ಪ್ರಾರ್ಥನೆ ಮುಗಿಯಲಿ ಎಂದು ಕೆಳಗೆ ಕೂತು ಸುಟ್ಟ ಮಾಂಸ ತಿಂದು, ಅದು ಮುಗಿಯದೆ, ಕತ್ತಲಾಗುವ ಮುಂಚೆ ಊರು ಸೇರಬೇಕೆಂದು ವಾಪಸು ಹೊರಡುವುದು ಮೊದಲ ತಿಂಗಳ ಪಠ್ಯಕ್ರಮವಾಗಿತ್ತು.

ಒಂದು ಭಾನುವಾರ ದಾರಿಯ ನಡುವೆ ಟೈರು ಸಿಡಿಯಿತು. ಬದಲಿ ಟೈರು ಮೊದಲೇ ಸಿಡಿದಿತ್ತು. ಡ್ರೈವರು ಟೈರನ್ನು ಉರುಳಿಸಿಕೊಂಡು ಹೋದ.

“ಡಾಕ್ಟ್ರೇ, ಹೇಗೂ ಕೂತಿದೀವಿ. ಶುರು ಮಾಡ್ಬಿಡಿ,” ಎಂದಳು ಬೊಸಿಬೊರಿ.

“ಇಲ್ಲೇನು ಶುರು ಮಾಡೋದಮ್ಮ? ಬೋರ್ಡೆಲ್ಲಿದೆ?”

“ಗಾಜಿನ ಮೇಲೆ ಬೇಕಾದಷ್ಟು ಧೂಳಿದೆ ಸಾರ್, ಬೆರಳಲ್ಲಿ ಬರೀರಿ,” ಎಂದ ಕಂಡಕ್ಟರ್ ಮಕೋರಿ. “ಒರೆಸೋದೂ ಬೇಡ, ಗಾಡಿ ಹೊರಟ್ರೆ ಹೊಸ ಧೂಳು ಬರತ್ತೆ.”

ಡಾಕ್ಟರ್ ಒಂಬಾಸ ಸೂರಿಗೆ ತಲೆ ತಾಗದಂತೆ ಬಗ್ಗಿ ನಿಂತು ‘ಶಿಕ್ಷಣ ಆಡಳಿತ: ಪೀಠಿಕೆ’ ಎಂದು ಬರೆದರು. ಅಂದು ಒಂದು ಅಧ್ಯಾಯ ಮುಗಿಯಿತು. ಮುಂದಿನ ವಾರದಿಂದ ಟೈರು ಸಿಡಿಯುವುದಕ್ಕೂ ಕಾಯಲಿಲ್ಲ. ನಡುದಾರಿಯಲ್ಲಿ ಬಾಳೆಗೊನೆ ಹೊತ್ತು ಹತ್ತಿದ ಮುದುಕಿ ಕೆರುಬೊ ಒಮ್ಮೆ ಸುತ್ತ ನೋಡಿ ಕೇಳಿದಳು: “ಯಾಕ್ರಪ್ಪಾ ಎಲ್ಲಾ ಮುಖ ಹೀಗೆ ಜೋಲು ಹಾಕ್ಕೊಂಡಿದೀರಿ? ಯಾರು ಹೋದ್ರು?”

“ಯಾರೂ ಹೋಗಿಲ್ಲ ಅಜ್ಜಿ, ಪಾಠ ನಡೀತಿದೆ,” ಎಂದ ಮಕೋರಿ.

“ಯಾರಿಗೆ?”

“ಹತ್ತಿದವರಿಗೆಲ್ಲ. ಜರುಗಿ ಕೂತ್ಕೋ, ಗೊನೆ ಡಾಕ್ಟ್ರ ಕಾಲ ಮೇಲಿಡ್ಬೇಡ.”

ವಿಷಯ ವಿಸ್ತರಣಾ ನಿರ್ದೇಶಕ ಮೊಗೆನಿಯವರ ಕಿವಿಗೆ ಬಿತ್ತು. ತಪಾಸಣೆಗೆಂದು ರಿಯೊಟೆಗೆ ಹೋದವರು ಕೇಂದ್ರದಲ್ಲಿ ಜನ ಕೈಯೆತ್ತಿ ಹಾಡುವುದನ್ನು ಕಂಡು ಶಿಸ್ತನ್ನು ಮೆಚ್ಚಿಕೊಂಡರು. ಅದು ತಮ್ಮ ಕ್ಲಾಸಲ್ಲವೆಂದು ತಿಳಿದ ಮೇಲೆ, ತಮ್ಮ ಕ್ಲಾಸನ್ನು ಹುಡುಕಿ ವ್ಯಾನು ಹತ್ತಿದರು. ಬೊಸಿಬೊರಿ ನೋಟುಬುಕ್ಕು ಮುಚ್ಚಿದಳು. ಇನ್ನು ಕೇಂದ್ರ ಮುಚ್ಚಿಸಿಬಿಡುತ್ತಾರೆ, ಸಗ್ವೆ ಕುರ್ಚಿಯ ಕಾಲು ಕೊಯ್ಯಿಸುತ್ತಾನೆ ಎಂದುಕೊಂಡಳು. ಆದರೆ ನಿರ್ದೇಶಕರು ಊರು ತಲುಪುವವರೆಗೆ ಪಾಠ ಕೇಳಿ, ಇಳಿಯುವಾಗ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಆ ಕೋಣೆಗೆ ನಾವ್ಯಾಕೆ ಬಾಡಿಗೆ ಕೊಡ್ತಿದೀವಿ?”

ಒಂದೇ ವಾರದಲ್ಲಿ ಸುತ್ತೋಲೆ ಹೊರಟಿತು:

“ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ‘ಹೊಟ್ಟೆಕಿಚ್ಚು ಬೇಡ’ ಎಂಬ ವಾಹನವನ್ನು ರಿಯೊಟೆ ವಿಸ್ತರಣಾ ಕೇಂದ್ರವೆಂದು ಘೋಷಿಸಲಾಗಿದೆ. ಮಂದಾಜಿ ಬೋಂಡಾ ಸುತ್ತಿ ತಂದ ಹಳೆಯ ಪತ್ರಿಕೆಗಳನ್ನು ಗ್ರಂಥಾಲಯವೆಂದು ಪರಿಗಣಿಸತಕ್ಕದ್ದು. ಕಿಟಕಿ ಪಕ್ಕದ ಆಸನಗಳಿಗೆ ಕ್ಷೇತ್ರ ವೀಕ್ಷಣಾ ಶುಲ್ಕ ಅನ್ವಯಿಸುತ್ತದೆ. ಕಂಡಕ್ಟರ್ ಶ್ರೀ ಮಕೋರಿಯವರು ಪ್ರಭಾರ ಸಹಾಯಕ ಕುಲಸಚಿವರಾಗಿ ಕಾರ್ಯನಿರ್ವಹಿಸತಕ್ಕದ್ದು. ಕೇಂದ್ರವು ಚಲಿಸುತ್ತಿರುವ ಅಥವಾ ಸಿಕ್ಕಿಹಾಕಿಕೊಂಡಿರುವ ಅವಧಿಯನ್ನು ಮಾತ್ರ ಬೋಧನಾ ಅವಧಿಯೆಂದು ಎಣಿಸತಕ್ಕದ್ದು. ಆಡುಗಳಿಗೆ ಪ್ರವೇಶಾತಿ ಇರುವುದಿಲ್ಲ.”

ಮಕೋರಿ ಅಂದಿನಿಂದ ಟೈ ಕಟ್ಟಿದ. ಬಾಗಿಲಲ್ಲಿ ಜೋತುಬಿದ್ದು “ಬಿ.ಎಡ್! ಬಿ.ಎಡ್! ಇನ್ನೊಂದೇ ಸೀಟು, ಬಿ.ಎಡ್!” ಎಂದು ಕೂಗತೊಡಗಿದ. ಕೆರುಬೊ ಅಜ್ಜಿಯಿಂದ ನೋಂದಣಿ ಶುಲ್ಕ ವಸೂಲಾಯಿತು. ಆಕೆ ಅದನ್ನು ಗೊನೆಯ ಲಗೇಜು ಚಾರ್ಜೆಂದು ತಿಳಿದು ಬೈಯುತ್ತ ಕೊಟ್ಟಳು. ಪಾಠ ಚೆನ್ನಾಗಿಯೇ ಸಾಗಿತು. ಕಡಿದಾದ ಏರಿನಲ್ಲಿ ಹಣಕಾಸು, ಸೇತುವೆಯಿಲ್ಲದ ಹಳ್ಳದಲ್ಲಿ ಮನಶ್ಶಾಸ್ತ್ರ. ಮೂರನೇ ವರ್ಷದ ಕೊನೆಯ ಪತ್ರಿಕೆಯೊಂದು ಬಾಕಿಯಿತ್ತು, ಅಷ್ಟೇ.

ಅಷ್ಟರಲ್ಲಿ ಒಂದು ಅನಾಹುತ ನಡೆಯಿತು. ರಸ್ತೆ ರಿಪೇರಿಯಾಯಿತು.

ಚುನಾವಣೆ ಹತ್ತಿರವಿತ್ತು. ಒಂದೇ ಬೇಸಿಗೆಯಲ್ಲಿ ನ್ಯಾಕೊಬಾದಿಂದ ರಿಯೊಟೆಯವರೆಗೆ ಕಪ್ಪಗೆ ಮಿರಿಮಿರಿ ಮಿಂಚುವ ಡಾಂಬರು ಬಿತ್ತು. ರಸ್ತೆ ಇಲಾಖೆಯಿಂದ ಬೊಸಿಬೊರಿಗೆ ಕಾಗದವೂ ಬಂತು: “ತಾವು ಪ್ರಭಾರ ವಹಿಸಿಕೊಂಡ ಮೊದಲ ವರ್ಷ, ಮಕ್ಕಳ ಹಿತದೃಷ್ಟಿಯಿಂದ ಸಲ್ಲಿಸಿದ ಮನವಿಯನ್ನು ತ್ವರಿತವಾಗಿ ಪರಿಗಣಿಸಿ...” ಆಕೆ ಅದನ್ನು ಮರೆತೇಬಿಟ್ಟಿದ್ದಳು.

ಮುಂದಿನ ಭಾನುವಾರ ಡಾಕ್ಟರ್ ಒಂಬಾಸ ಗಂಟಲು ಸರಿಮಾಡಿಕೊಂಡು, ಹಿಂದಿನ ವಾರದ ಪಾಠ ನೆನಪಿಸಿ, “ಈಗ ಮುಖ್ಯ ವಿಷಯಕ್ಕೆ ಬರೋಣ,” ಎನ್ನುವಷ್ಟರಲ್ಲಿ ಪ್ರಭಾರ ಸಹಾಯಕ ಕುಲಸಚಿವರು ಬಾಗಿಲು ಬಡಿದರು: “ರಿಯೊಟೆ! ಇಳೀರಿ, ಇಳೀರಿ!”

ವಿದ್ಯಾರ್ಥಿಗಳು ನಿರ್ದೇಶಕರ ಬಳಿ ಹೋದರು.

“ಬೋಧನಾ ಅವಧಿ ತುಂಬದೆ ಪರೀಕ್ಷೆ ಇಲ್ಲ,” ಎಂದರು ಮೊಗೆನಿ.

“ಹಾಗಾದ್ರೆ ಒಂದೇ ದಿನ ಎರಡು ಸಲ ಹೋಗಿ ಬರ್ತೀವಿ ಸಾರ್,” ಎಂದಳು ಬೊಸಿಬೊರಿ.

“ಬೇಡ ಅಂದವರ‍್ಯಾರು? ಆದ್ರೆ ಎರಡನೇ ಸಲ ಹೋದ್ರೆ ಎರಡನೇ ಸೆಮಿಸ್ಟರ್ ಶುಲ್ಕ.”

“ನಿಧಾನಕ್ಕೆ ಹೋದ್ರೆ?”

ನಿಧಾನಕ್ಕೆ ಹೋಗಿಯೂ ನೋಡಿದರು. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು, ಟ್ರಾಫಿಕ್ ಪೊಲೀಸನು ನಡುರಸ್ತೆಯಲ್ಲಿ ಶಾಲೆ ನಡೆಸಿದ್ದಕ್ಕೆ ದಂಡ ಹಾಕಿದ, ಕೆರುಬೊ ಅಜ್ಜಿಯ ಬಾಳೆಹಣ್ಣು ಸಂತೆ ಮುಟ್ಟುವ ಮೊದಲೇ ಕಪ್ಪಾಯಿತು. ಆಕೆ ಡಾಕ್ಟರಿಗೆ ಬೈದ ಬೈಗುಳ ಮಾತ್ರ ಎರಡು ಮೈಲಿಯ ಪಾಠಕ್ಕೆ ಸಮನಾಗಿತ್ತು, ಆದರೆ ಅದು ಪಠ್ಯಕ್ರಮದಲ್ಲಿರಲಿಲ್ಲ.

ಶಾಲೆಯಲ್ಲಿ ಸಗ್ವೆ ಹಲ್ಲು ಕಿಸಿದ. “ಏನ್ ಮ್ವಾಲಿಮು, ರಸ್ತೆ ಬಾಳ ಚೆನ್ನಾಗಾಯ್ತಂತೆ? ಎಲ್ಲಾ ನಿಮ್ಮ ಪುಣ್ಯ.” ಕುರ್ಚಿಯ ಕಾಲಿನ ಮೇಲೆ ಯಾರೋ ಸೀಮೆಸುಣ್ಣದಿಂದ ಗೀಟು ಹಾಕಿದ್ದರು. ಬೊಸಿಬೊರಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ದುಡಿದು ದುಡಿದು ಕೊನೆಗೆ ಒಂದು ಒಳ್ಳೆಯ ರಸ್ತೆ ತನ್ನನ್ನು ಹಾಳುಮಾಡಬೇಕೇ ಎಂದು ಗೀಟನ್ನು ಹೆಗಲ ಮೇಲಿನ ಕಂಗಾ ಬಟ್ಟೆಯ ತುದಿಯಲ್ಲಿ ಉಜ್ಜಿ ಒರೆಸಿದಳು. ಆಮೇಲೆ ಮೇಜಿಗೆ ಕೂತು ಹೊಸ ಮನವಿ ಬರೆದಳು: ಮಕ್ಕಳ ಹಿತದೃಷ್ಟಿಯಿಂದ ಹಾಕಿದ ರಸ್ತೆಯನ್ನು ದೊಡ್ಡವರ ಹಿತದೃಷ್ಟಿಯಿಂದ ಯಥಾಸ್ಥಿತಿಗೆ ತರತಕ್ಕದ್ದು.

ರಸ್ತೆ ಇಲಾಖೆಯ ಎಂಜಿನಿಯರು ಮನವಿಯನ್ನು ಗೌರವದಿಂದಲೇ ಓದಿದ.

“ಗುಂಡಿಗೆ ಅನುದಾನ ಇಲ್ಲಮ್ಮ. ಗುಂಡಿ ತಾನಾಗೇ ಬರ್ಬೇಕು. ಎರಡು ಮಳೆ ತಡೀರಿ, ನಮ್ಮ ಕಾಂಟ್ರಾಕ್ಟರ್ ಮೇಲೆ ನನಗೆ ನಂಬಿಕೆ ಇದೆ.”

“ವರ್ಷದ ಕೊನೆಯೊಳಗೆ ಆಗ್ಬೇಕು ಸಾರ್.”

“ಹಂಗಾದ್ರೆ ಕಷ್ಟ. ಉಬ್ಬು ಬೇಕಾದ್ರೆ ಹಾಕ್ಬಹುದು. ಶಿಕ್ಷಣ ಸಂಸ್ಥೆ ಮುಂದೆ ರಸ್ತೆ ಉಬ್ಬು ಹಾಕ್ಲೇಬೇಕು ಅಂತ ನಿಯಮ ಇದೆ. ನಿಮ್ಮ ಕೇಂದ್ರ ರಸ್ತೆಯ ಯಾವ ಜಾಗದಲ್ಲಿದೆ?”

“ಈಗ ಹಳ್ಳ ದಾಟಿರತ್ತೆ,” ಎಂದಳು ಬೊಸಿಬೊರಿ.

ಎಂಜಿನಿಯರು ಪೆನ್ನು ಕೆಳಗಿಟ್ಟ. “ಅಂದ್ರೆ?”

“ಬೆಳಿಗ್ಗೆ ಇಲ್ಲಿರತ್ತೆ ಸಾರ್, ಆಮೇಲೆ ಅಲ್ಲಿರತ್ತೆ. ನಡುವೆ ಎಲ್ಲಾ ಕಡೆನೂ ಇರತ್ತೆ.” ಆಕೆ ಸುತ್ತೋಲೆಯನ್ನು ಮುಂದಿಟ್ಟಳು.

ಎಂಜಿನಿಯರು ಅದನ್ನು ಓದಿ, ಎದ್ದು, ಗೋಡೆಯ ಮೇಲಿನ ನಕ್ಷೆಯ ಮುಂದೆ ಸ್ವಲ್ಪ ಹೊತ್ತು ಭಕ್ತಿಯಿಂದ ನಿಂತ. “ಹಂಗಾದ್ರೆ ಇಡೀ ರಸ್ತೆನೇ ಶಿಕ್ಷಣ ಸಂಸ್ಥೆ ಮುಂದಿದೆ,” ಎಂದ. ಕೂಡಲೇ ಕಾಂಟ್ರಾಕ್ಟರಿಗೆ ಫೋನು ಮಾಡಿದ. ಆ ಕಡೆಯಿಂದ ಕೇಳಿಬಂದದ್ದು ಆನಂದದ ಅಳು.

ರಸ್ತೆ ಹಾಕಿದ್ದಕ್ಕಿಂತ ಬೇಗ ಉಬ್ಬುಗಳು ಎದ್ದವು. ಒಂದು ಉಬ್ಬಿನಿಂದ ಮುಂದಿನ ಚಕ್ರ ಇಳಿಯುವ ಮೊದಲೇ ಇನ್ನೊಂದು ಉಬ್ಬು ಬರುತ್ತಿತ್ತು. ಬೇರೆ ಗಾಡಿಗಳೂ ಅಷ್ಟೇ ನಿಧಾನವಾದ್ದರಿಂದ ಯಾರೂ ಹಾರ್ನು ಹೊಡೆಯಲಿಲ್ಲ. ಕೆರುಬೊ ಅಜ್ಜಿ ಹಣ್ಣು ಬಿಟ್ಟು ಕಾಯಿ ಒಯ್ಯತೊಡಗಿದಳು, ಸಂತೆ ತಲುಪುವಾಗ ಅದು ಹದವಾಗಿ ಹಣ್ಣಾಗುತ್ತಿತ್ತು. ಪ್ರಯಾಣ ಹಿಂದಿಗಿಂತಲೂ ಉದ್ದವಾಗಿ, ಬೋಧನಾ ಅವಧಿ ತುಂಬಿ ಹೊರಚೆಲ್ಲಿತು. ಉಳಿದ ಅವಧಿ ವ್ಯರ್ಥವಾಗಬಾರದೆಂದು ವಿಶ್ವವಿದ್ಯಾಲಯ ಸ್ನಾತಕೋತ್ತರ ತರಗತಿಯನ್ನೂ ಆರಂಭಿಸಿತು.

ಘಟಿಕೋತ್ಸವ ಮಟಾಟು ನಿಲ್ದಾಣದಲ್ಲೇ ನಡೆಯಿತು. ಕೆರುಬೊ ಅಜ್ಜಿಗೂ ಪದವಿ ಬಂತು. ಆಕೆಯ ಬಾಳೆಗೊನೆಗೂ ಹಾಜರಾತಿ ಸಾಕಷ್ಟಿತ್ತಂತೆ, ಶುಲ್ಕ ಕಟ್ಟಿರಲಿಲ್ಲವಾಗಿ ತಡೆಹಿಡಿಯಲಾಯಿತು. ಬೊಸಿಬೊರಿ ಬಾಡಿಗೆಯ ಗೌನು ತೊಟ್ಟು ಪದವಿ ಹಿಡಿದಾಗ ಶಾಲೆಯ ಮಕ್ಕಳೆಲ್ಲ ಕಿರುಚಿದರು. ಆಕೆಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಗಂಡ ಇರಬೇಕಿತ್ತು ಎನ್ನಿಸಿತು.

ವರ್ಷ ಮುಗಿಯುವ ಮೊದಲೇ ಇಲಾಖೆಯ ಆದೇಶವೂ ಬಂತು. ಶ್ರೀಮತಿ ಬೊಸಿಬೊರಿಯವರನ್ನು ಖಾಯಂ ಮುಖ್ಯೋಪಾಧ್ಯಾಯಿನಿಯನ್ನಾಗಿ ನೇಮಿಸಲಾಗಿದೆ. ಪ್ರಭಾರದಲ್ಲಿದ್ದ ಶಾಲೆಯಲ್ಲಿಯೇ ಖಾಯಂ ಮಾಡಿದರೆ ಶಾಲೆಯ ಮೇಲೆ ಮಮಕಾರ ಬೆಳೆಯುವ ಸಂಭವವಿರುವುದರಿಂದ, ಅವರು ರಿಯೊಟೆ ಪ್ರಾಥಮಿಕ ಶಾಲೆಯಲ್ಲಿ ವರದಿ ಮಾಡಿಕೊಳ್ಳತಕ್ಕದ್ದು. ಅಲ್ಲಿ ವಸತಿ ಇಲ್ಲ, ದಿನಾ ಓಡಾಡತಕ್ಕದ್ದು. ನ್ಯಾಕೊಬಾ ಶಾಲೆಗೆ ಶ್ರೀ ಸಗ್ವೆಯವರು ಪ್ರಭಾರ. ಇನ್ನು ಮುಂದೆ ಖಾಯಮಾತಿಗೆ ಸ್ನಾತಕೋತ್ತರ ಪದವಿ ಕಡ್ಡಾಯ.

ಹೊಸ ವರ್ಷದ ಮೊದಲ ಭಾನುವಾರ ‘ಹೊಟ್ಟೆಕಿಚ್ಚು ಬೇಡ’ ಹೊರಡಲು ಸಿದ್ಧವಾಗಿತ್ತು. ಇನ್ನು ವಾರವಿಡೀ ಅದರಲ್ಲೇ ಕೂರಬೇಕಾದವಳು ಒಂದು ದಿನ ಹೆಚ್ಚಿಗೆ ಕೂತರೇನು ಎಂದು ಬೊಸಿಬೊರಿಯೂ ಸ್ನಾತಕೋತ್ತರಕ್ಕೆ ಸೇರಿದ್ದಳು. ಪಕ್ಕದಲ್ಲಿ ಸಗ್ವೆ, ಮಡಿಲಲ್ಲಿ ಕೆರುಬೊ ಅಜ್ಜಿಯ ಗೊನೆ ಹಿಡಿದು ಕೂತಿದ್ದ.

“ಈ ಉಬ್ಬುಗಳು ನಿಮ್ಮ ಮನವಿಯಿಂದ ಆದದ್ದಂತೆ? ಮಾಡಿದ್ದುಣ್ಣೋ ಮಹರಾಯ ಅಂತಾರೆ,” ಎಂದ ಅವನು.

“ಅದಕ್ಕೇ ನಿಮ್ಮನ್ನೂ ಊಟಕ್ಕೆ ಕರೆದದ್ದು,” ಎಂದಳು.

“ಸ್ನಾತಕೋತ್ತರದವರು ಹಿಂದಿನ ಸೀಟು!” ಎಂದು ಕೂಗಿದ ಮಕೋರಿ. ಅವನನ್ನು ಇನ್ನೂ ಖಾಯಂ ಮಾಡಿರಲಿಲ್ಲ.

ಇಬ್ಬರೂ ಎದ್ದು ಹಿಂದೆ ಹೋದರು. ಬೊಸಿಬೊರಿ ಚೀಲದಿಂದ ಬಿಳಿ ದಾರದ ಕ್ರೋಶಾ ಹೊದಿಕೆ ತೆಗೆದು, ಕೊಡವಿ, ಸೀಟಿನ ಮೇಲೆ ಹಾಸಿ, ಅಂಚನ್ನು ನೀವಿ ಕೂತಳು. ಅಳತೆ ಸರಿಯಾಗಿ ಹೊಂದಿತು. ಗಾಡಿ ಹೊರಟಿತು. ಎಲ್ಲರೂ ಒಟ್ಟಿಗೆ ಮೇಲೆ ಹಾರಿ ಒಟ್ಟಿಗೆ ಕೆಳಗೆ ಕೂತರು.

“ಎಲ್ಲಿಗೆ ಬಂದಿದ್ದೆವು?” ಎಂದು ಡಾಕ್ಟರ್ ಒಂಬಾಸ ಕೇಳಿದರು.

“ಮೊದಲನೇ ಉಬ್ಬಿಗೆ ಸಾರ್,” ಎಂದಿತು ತರಗತಿ.