ಅವ್ವನ ಅಂಕಿತ

ಒಮ್ಮೆ ‘ಹೂಂ’ ಎನ್ನಲು ಎಷ್ಟು ಹೊತ್ತು ಬೇಕು? ಮದುವೆ, ಜಮೀನಿನ ಕ್ರಯ, ಎರಡನೆಯ ಸಲ ಬಡಿಸುವ ಸಾರು, ಎಲ್ಲವೂ ನಮ್ಮ ಕಡೆ ಆ ಒಂದು ಸದ್ದಿನ ಮೇಲೆ ನಡೆಯುತ್ತವೆ. ಹಾಗೆಂದು ನಂಬಿದ್ದ ನನಗೆ ಯುದ್ಧಕಾಲದ ಒಂದು ಬೆಳಿಗ್ಗೆ ಬಾಗೂರಿನ ನಮ್ಮ ಮನೆಯಲ್ಲಿ ಹಿಡಿದ ನಡುಕ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ನಿಧಾನವಾಗಿ ಹೇಳುತ್ತೇನೆ.

ನಮ್ಮಣ್ಣ ಆ ವರ್ಷ ಮೈಸೂರಿನ ಶಾಸನಸಭೆಗೆ ಆರಿಸಿಹೋಗಿದ್ದ. ಅಲ್ಲಿ ಅವನು ಬಾಯಿ ತೆರೆದನೋ ಇಲ್ಲವೋ ತಿಳಿಯದು. ಕಿವಿಯನ್ನಂತೂ ತೆರೆದೇ ಇಟ್ಟಿದ್ದ. ಊರಿಗೆ ಬಂದವನೇ ಸಭೆಯ ನಿಯಮಗಳನ್ನು ಮನೆಯಲ್ಲಿ ಜಾರಿಗೆ ತಂದ. ಯಾವ ಸಂಗತಿಯೇ ಆಗಲಿ ಮಸೂದೆಯಾಗಿ ಬರಬೇಕು, ಮೂರು ಸಲ ಓದಬೇಕು, ಹೆಚ್ಚು ಜನ ಕೈಯೆತ್ತಿ ಒಪ್ಪಬೇಕು. ಅಷ್ಟಾದರೂ ಅದು ಶಾಸನವಲ್ಲ. ಮಹಾರಾಜರ ಅಂಕಿತ ಬೀಳಬೇಕು. ನಮ್ಮ ಮನೆಯ ಮಹಾರಾಜರು ಅವ್ವ. ಉಪ್ಸಾರು ಮಾಡುವುದೋ ಬಸ್ಸಾರೋ ಎಂಬ ಮಸೂದೆ ಮೂರನೆಯ ವಾಚನಕ್ಕೆ ಬರುವಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿರುತ್ತಿತ್ತು.

ತಂಗಿ ಜಯಮ್ಮನನ್ನು ಹಾಸನದ ಹೈಸ್ಕೂಲಿಗೆ ಸೇರಿಸುವ ಮಸೂದೆ ತಂದವನು ನಾನು. ಸೇರಿಸಿಕೊಳ್ಳುವ ಕಡೆಯ ದಿನ ಅಂದೇ. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಹಾಸನದ ಬಸ್ಸು ಮನೆಯ ಮುಂದೆ ಬುಸುಗುಟ್ಟುತ್ತಿತ್ತು, ಟ್ರಂಕು ಮೇಲೇರಿತ್ತು, ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ವಾಚನಗಳೆಲ್ಲ ಮುಗಿದು ಅಂಕಿತವೊಂದೇ ಬಾಕಿ. ಜಗಲಿಯ ಮೇಲಿದ್ದ ಅವ್ವನ ಬಾಯಿತುಂಬ ಎಲೆಯಡಿಕೆ. ಅವಳು ತಲೆಯಾಡಿಸಿದಳು.

“ಬಸ್ ಅತ್ತವ್ವ ಅತ್ತು,” ಎಂದೆ ನಾನು ತಂಗಿಗೆ.

“ಎಲ್ಲಿಗ್ಲಾ ಅತ್ತೋದು?” ಎಂದು ಅಣ್ಣ ಅಡ್ಡ ನಿಂತ. “ತಲೆ ಆಡ್ಸುದ್ರೆ ಅಂಕಿತ ಆಯ್ತದಾ? ಬಾಯ್ಬುಟ್ಟು ಯೋಳ್ಬೇಕು ಕಣ್ಲಾ.”

“ಬಾಯ್ಬುಟ್ರೆ ಎಲ್ಡಿಕೆ ಬಿದ್ದೋಯ್ತದಲ್ಲಣ್ಣ.”

“ಉಗುದ್ಬುಟ್ಟು ಯೋಳ್ಲಿ.”

ರಸವಿಳಿಯುವ ಮುಂಚೆ ಎಲೆಯಡಿಕೆ ಉಗುಳಿದ ಚರಿತ್ರೆ ಅವ್ವನಿಗಿರಲಿಲ್ಲ. ಅವಳು ಕಣ್ಣು ಮುಚ್ಚಿ ಇನ್ನಷ್ಟು ನಿಧಾನವಾಗಿ ಅಗಿಯತೊಡಗಿದಳು. ಕಂಡಕ್ಟರು ಇಳಿದು ಬಂದ. “ಟ್ರಂಕು ಇಳ್ಸೋದಾ, ಓಗೋದಾ ಸಾ?”

“ತಡ್ಕಪ್ಪ, ಮಾರಾಜ್ರು ಅಗೀತಾವ್ರೆ,” ಎಂದ ಅಣ್ಣ. ಕಂಡಕ್ಟರು ಗಾಬರಿಯಾಗಿ ಮೈಸೂರಿನ ದಿಕ್ಕಿಗೆ ಕೈಮುಗಿದ.

ಕೊನೆಗೆ ಅವ್ವ ಉಗುಳಿ, ಬಾಯೊರೆಸಿಕೊಂಡಳು. “ಓಗ್ಲಿ. ಆದ್ರೆ ದಿನಾ ರಾಗಿ ಬೀಸ್ತಿದ್ದೋಳು ಇವ್ಳು. ಇನ್ಮ್ಯಾಕೆ ಬೀಸೋರು ಯಾರು? ಅದ್ನ ನಿಮ್ಮ ಮಸೂದೇಲಿ ಯೋಳೇ ಇಲ್ವಲ್ಲ.”

ಅಣ್ಣನ ಮುಖ ಅರಳಿತು. ಮೈಸೂರಿನಲ್ಲಿ ಕೂಡ ಅವನಿಗೆ ಇದನ್ನು ಕಾಣುವ ಭಾಗ್ಯ ಸಿಕ್ಕಿರಲಿಲ್ಲ. “ಮಸೂದೆ ವಾಪಸ್ ಬಂತು ಕಣ್ರಪ್ಪ. ತಿದ್ದುಪಡಿ ಸೇರ್ಸಿ ಮೊದ್ಲಿಂದ ಓದ್ಬೇಕು.”

ಬಸ್ಸು ನಡುಗಿ ಮುಂದಕ್ಕೆ ಸರಿಯಿತು. ಇನ್ನೊಂದು ಕಾಲನ್ನೂ ಮೆಟ್ಟಿಲಿಗೇರಿಸಿ ಕಂಬಿ ಹಿಡಿದ ಜಯಮ್ಮನ ಕಣ್ಣು ತುಂಬಿತು. “ನಾನೇ ಬೀಸ್ತೀನಿ, ಸೇರ್ಸ್ಕೊ,” ಎಂದುಬಿಟ್ಟೆ. ಅಣ್ಣ ಬಸ್ಸಿನ ಪಕ್ಕದಲ್ಲೇ ಓಡುತ್ತ ಓದಿದ; ಒಂದು ವಾಚನ ನಮ್ಮ ಹಿತ್ತಲ ಬೇಲಿಯ ಹತ್ತಿರ, ಇನ್ನೊಂದು ಅರಳಿಕಟ್ಟೆಯ ಹತ್ತಿರ, ಕೊನೆಯದು ತಿರುವಿನಲ್ಲಿ, ಏದುಸಿರಿನ ನಡುವೆ. ಅಲ್ಲಿಯವರೆಗೆ ಯಾವ ಮಸೂದೆಗೂ ಕೈಯೆತ್ತದ ಅತ್ತಿಗೆ ಅಂದು ಎರಡೂ ಕೈಯೆತ್ತಿದಳು. ಅವ್ವ ಜಗಲಿಯಿಂದಲೇ ಊರಿಗೆಲ್ಲ ಕೇಳುವಂತೆ “ಊಂ” ಎಂದಳು. ಜಯಮ್ಮ ಹೈಸ್ಕೂಲು ಸೇರಿದಳು.

ರಟ್ಟೆ ನೋವು ತಾಳಲಾರದೆ, ಆ ತಿದ್ದುಪಡಿಯನ್ನು ರದ್ದುಪಡಿಸುವ ಮಸೂದೆಯನ್ನು ನಾನು ಬೇಗನೆ ತಂದೆ. ಅನುಮೋದಿಸುವವರಿಲ್ಲದೆ ಅದು ಬಿದ್ದುಹೋಯಿತು. ಜಯಮ್ಮನಾದರೂ ಕೈಯೆತ್ತಿಯಾಳೆಂದು ದಸರಾ ರಜೆಯವರೆಗೆ ಕಾದೆ. ಬಂದವಳು ನನ್ನ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, “ಒಸಿ ತರಿ ಆಗದೆ ಕಣಣ್ಣ, ಇನ್ನೊಂದ್ಸಲ ಬೀಸು,” ಎಂದಳು. ಇದು ಎಷ್ಟನೆಯ ವಾಚನ ಎಂದು ಕೇಳುವ ಧೈರ್ಯ ಸಾಲದೆ, ಬೀಸುವ ಕಲ್ಲಿನ ಗೂಟ ಹಿಡಿದು ಕೂತೆ.