ಐನೂರ ಐವತ್ತೊಂಬತ್ತರ ಕಾವು

"ಒಂದು ಕೋಳಿ ಮಾಡೋ ಕೆಲಸಾನ ಒಬ್ಬ ಎಂ.ಎಸ್ಸಿ. ಮಾಡಕ್ಕಾಗಲ್ವಾ?"

ಶುಕ್ರವಾರ ಬೆಳಿಗ್ಗೆ ಪಾಂಡವಪುರದ ನಮ್ಮ ಮನೆಯ ಹಿತ್ತಿಲಲ್ಲಿ ನಿಂತು ನಾನು ಹೀಗೆ ಗುಡುಗಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ರಂಜಿತ. ಜೊತೆಗೆ, ಮಂಕರಿಯ ಹುಲ್ಲಿನಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಒಂದು ಡಜನ್ ಮೊಟ್ಟೆ.

ಆ ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದ ಹ್ಯಾಟೆಯನ್ನು ನಸುಕಿನಲ್ಲಿ ಬೀದಿನಾಯಿ ಹೊತ್ತುಕೊಂಡು ಹೋಗಿತ್ತು. ಅದು ಅಂತಿಂಥ ಕೋಳಿಯಲ್ಲ ಸ್ವಾಮಿ! ಬಿಂಡಿಗನವಿಲೆಯ ನಮ್ಮತ್ತೆ ಚಿಕ್ಕಬೋರಮ್ಮನವರು ಅವರ ಅತ್ತೆಯ ಕಾಲದಿಂದ ಕಾಪಾಡಿಕೊಂಡು ಬಂದ ಬೋಳುಕತ್ತಿನ ತಳಿ. ಕಳೆದ ವರ್ಷ ಕೋಳಿರೋಗ ಬಂದು ಎಲ್ಲ ಸತ್ತು, ಅದೊಂದೇ ಉಳಿದಿತ್ತು. ಮಗಳ ಮನೆಯಲ್ಲಿ ಭದ್ರವಾಗಿರುತ್ತದೆಂದು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಬಿಟ್ಟು ಹೋಗಿದ್ದರು. ಗೇಟಿನ ಚಿಲಕ ಹಾಕದೆ ವಾಕಿಂಗ್ ಹೊರಟ ಮಹಾನುಭಾವ ನಾನೇ.

"ಅವ್ವಂಗೆ ಏನಂತ ಹೇಳ್ಳಿ? ಭಾನುವಾರ ಮರಿ ನೋಡಕ್ಕೆ ಬತ್ತಾಳೆ" ಎಂದು ರಂಜಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಬೀದೀಲೆಲ್ಲ ಕೇಳ್ಬುಟ್ಟೆ, ಯಾರ ಮನೇಲೂ ಕಾವುಗೋಳಿ ಇಲ್ಲ."

"ಭೌತಶಾಸ್ತ್ರ ಐತಲ್ಲೇ!" ಎಂದೆ.

ಮಧ್ಯಾಹ್ನದೊಳಗೆ ನನ್ನ ಕಾವುಪೆಟ್ಟಿಗೆ ಸಿದ್ಧವಾಯಿತು. ಒಂದು ಥರ್ಮಾಕೋಲ್ ಡಬ್ಬ, ಅರವತ್ತು ಕ್ಯಾಂಡಲ್ಲಿನ ಹಳೇ ಬಲ್ಬು, ಒಂದು ಬಟ್ಟಲು ನೀರು. ಎಲ್ಲಕ್ಕೂ ಕಿರೀಟವಿಟ್ಟಂತೆ, ನಮ್ಮ ಕಾಲೇಜಿನ ಲ್ಯಾಬಿನಿಂದ ತಂದ ಡಿಜಿಟಲ್ ಥರ್ಮಾಮೀಟರು! ಅದು ಸೆಲ್ಸಿಯಸ್ಸಿನಂಥ ಬಡಪಾಯಿ ಲೆಕ್ಕ ತೋರಿಸುವುದಿಲ್ಲ. ಪರಮ ಉಷ್ಣತೆಯನ್ನು ಮಾತ್ರ ತೋರಿಸುತ್ತದೆ.

"ಪರಮ ಅಂದ್ರೆ?"

"ಅದಕ್ಕಿಂತ ಕೆಳಗೆ ಚಳಿಯೇ ಇಲ್ಲ ಅನ್ನೋ ಸೊನ್ನೆಯಿಂದ ಎಣಿಸೋದು. ಸೆಲ್ಸಿಯಸ್ಸಿಗೆ ಇನ್ನೂರ ಎಪ್ಪತ್ಮೂರು ಕೂಡಿಸಿದ್ರೆ ಕೆಲ್ವಿನ್. ಕೋಳಿ ಕಾವು ಮೂವತ್ತೇಳೂವರೆ. ಅಂದ್ರೆ ಮುನ್ನೂರ ಹತ್ತೂವರೆ."

"ಪಾಪ, ನಮ್ಮ ಹ್ಯಾಟೆಗೆ ಇದೆಲ್ಲ ಗೊತ್ತಿತ್ತಾ?"

"ಗೊತ್ತಿರಲಿಲ್ಲ, ಅದಕ್ಕೇ ಅದು ಕೋಳಿ!"

ಬಲ್ಬನ್ನು ಅಷ್ಟೆತ್ತರ ಇಷ್ಟೆತ್ತರ ಮಾಡಿ, ಪರದೆಯ ಮೇಲೆ ಮುನ್ನೂರ ಹತ್ತೂವರೆ ಬರಿಸಿದೆ. ಆಹಾ! ಥರ್ಮಾಮೀಟರನ್ನು ಕೈಯಲ್ಲಿ ಹಿಡಿದು, ಮೊಟ್ಟೆಗಳ ಜೊತೆ ಸೆಲ್ಫಿ ತೆಗೆದು ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಉಂಡು ಮಲಗಿದೆ.

ಶನಿವಾರ ಕಾಲೇಜು ಮುಗಿಸಿ ಬಂದವನು ಪರದೆ ನೋಡಿದೆ. ಐನೂರ ಐವತ್ತೊಂಬತ್ತು! ಇನ್ನೂರ ಎಪ್ಪತ್ಮೂರು ಕಳೆದೆ. ಇನ್ನೂರ ಎಂಬತ್ತಾರು ಡಿಗ್ರಿ ಸೆಲ್ಸಿಯಸ್!

"ರಂಜಿತಾ! ಮೊಟ್ಟೆ ಹುರಿದೋಯ್ತು ಕಣೇ!"

ಬಲ್ಬು ಆರಿಸಿದೆ, ಮುಚ್ಚಳ ಕಿತ್ತೆಸೆದೆ, ಫ್ಯಾನು ಹಾಕಿದೆ. ರಂಜಿತ ಓಡಿ ಬಂದು ಒಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು.

"ಬೆಚ್ಚಗೆ ಅಂಗೇ ಐತಲ್ರೀ."

"ಕೆನ್ನೆ ನಂಬಬೇಡ, ಯಂತ್ರ ನಂಬು!"

ಯಂತ್ರವೋ, ಫ್ಯಾನಿನ ಗಾಳಿಯಲ್ಲೂ ಐನೂರ ನಲವತ್ತೈದಕ್ಕಿಂತ ಕೆಳಗಿಳಿಯಲಿಲ್ಲ. ಅಂದರೆ ನಮ್ಮ ನಡುಮನೆಯೇ ಇನ್ನೂರ ಎಪ್ಪತ್ತೆರಡು ಡಿಗ್ರಿ! ನನಗೆ ತಲೆ ಗಿರ್ರೆಂದಿತು. ಕುಡಿಯುವ ನೀರಿನ ಮಡಕೆಗೆ ಅದ್ದಿದೆ, ಐನೂರ ಮೂವತ್ತೆಂಟು. ನೀರು ಕುದಿಯುತ್ತಲೂ ಇಲ್ಲ, ಮಡಕೆ ಸಿಡಿಯುತ್ತಲೂ ಇಲ್ಲ. ಫ್ರಿಜ್ಜಿನೊಳಗೆ ಮೊಸರಿನ ಪಕ್ಕದಲ್ಲಿಟ್ಟೆ, ಭರ್ತಿ ಐನೂರು! ಕೊನೆಗೆ ನನ್ನ ಕಂಕುಳಲ್ಲೇ ಇಟ್ಟುಕೊಂಡೆ. ಐನೂರ ಐವತ್ತೇಳು.

"ನಾನೂ ಬೆಂದೋಗಿದ್ದೀನಿ!" ಎಂದು ಕೂಗಿದೆ.

"ಬೆಂದಿಲ್ಲ, ಬೆವ್ತಿದ್ದೀರಿ. ಇದನ್ನ ಮುಟ್ಟಿ ಏನಾದ್ರೂ ಒತ್ತುದ್ರಾ?"

"ನಾನಾ? ನೀನೇ ಧೂಳೊಡೆಯುವಾಗ ಒತ್ತಿರಬೇಕು!"

ಅವಳು ನನ್ನ ಮೊಬೈಲಿನಲ್ಲಿ ನಿನ್ನೆಯ ಸೆಲ್ಫಿ ತೆರೆದು, ದೊಡ್ಡದು ಮಾಡಿ, ಮುಖಕ್ಕೆ ಹಿಡಿದಳು. ನನ್ನ ಹೆಬ್ಬೆರಳು ಪಕ್ಕದ ಗುಂಡಿಯ ಮೇಲೆ ಮಹಾರಾಜನಂತೆ ಕೂತಿತ್ತು!

ಕನ್ನಡಕ ಹಾಕಿಕೊಂಡು ನೋಡಿದೆ. ಪರದೆಯ ಮೂಲೆಯಲ್ಲಿ ನೊಣದಷ್ಟು ಚಿಕ್ಕ ಅಕ್ಷರ. ಕೆಲ್ವಿನ್ನಿನ ಗುರುತಿದ್ದ ಕಡೆ ಈಗ ರಾಂಕಿನ್ನಿನ ಗುರುತು! ಅದೂ ಪರಮ ಉಷ್ಣತೆಯೇ, ಆದರೆ ಫ್ಯಾರನ್‌ಹೀಟಿನ ಕಡೆಯ ನೆಂಟ. ಡಿಗ್ರಿಗಳು ಸಣ್ಣವು, ಹಾಗಾಗಿ ಸಂಖ್ಯೆ ದೊಡ್ಡದು.

"ಇಷ್ಟೇ! ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿದ್ರೆ ಮುಗೀತು" ಎಂದು ಲೆಕ್ಕ ಹಾಕಿದೆ. ಸಾವಿರದ ಆರು ಬಂತು!

"ಈಗ ಇಟ್ಟಿಗೆ ಗೂಡಾಯ್ತು" ಎಂದಳು ರಂಜಿತ.

ಬೆವರು ಒರೆಸಿಕೊಂಡು ತಿರುವುಮುರುವು ಮಾಡಿದೆ. ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದೆ. ಮುನ್ನೂರ ಹತ್ತೂವರೆ! ಅಂದರೆ ಪೆಟ್ಟಿಗೆಯಲ್ಲಿ ಕಾವು ಮೊದಲಿನಿಂದಲೂ ಸರಿಯಾಗಿತ್ತು. ಸರಿಯಿದ್ದ ಕಾವನ್ನು ಆರಿಸಿ, ಮೊಟ್ಟೆಗೆ ಫ್ಯಾನು ಹಾಕಿ ಕೂತಿದ್ದೆ ನಾನು! ರಂಜಿತ ಮತ್ತೆ ಮೊಟ್ಟೆ ಮುಟ್ಟಿದಳು. ಅವಳ ಮುಖ ಬಿಳಿಚಿತು.

"ತಣ್ಣಗಾಗ್ತಾ ಐತೆ ಕಣ್ರೀ."

ಬಲ್ಬಿನ ಸ್ವಿಚ್ಚಿಗೆ ಹಾರಿದೆ. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ನನಗೆ ನಿಜಕ್ಕೂ ಅಳು ಬಂತು. ಕೋಳಿಯನ್ನು ನಾಯಿಗೆ ಕೊಟ್ಟವನೂ ನಾನೇ, ಮರಿಗಳನ್ನು ಗಾಳಿಗೆ ಕೊಟ್ಟವನೂ ನಾನೇ.

ರಂಜಿತ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದಳು.

"ನಿಮ್ಮ ಕಂಕುಳಲ್ಲಿ ಎಷ್ಟು ಅಂದ್ರಿ?"

"ಐನೂರ ಐವತ್ತೇಳು."

"ಹ್ಯಾಟೆಗೆ?"

"ಐನೂರ ಐವತ್ತೊಂಬತ್ತು."

"ಸಾಕು. ಶರ್ಟು ಬಿಚ್ಚಿ, ಕುಂತ್ಕಳಿ."

ಮೊಟ್ಟೆಗಳನ್ನು ಹಳೇ ಸೀರೆಯಲ್ಲಿ ಸುತ್ತಿ ನನ್ನ ಹೊಟ್ಟೆಗೆ ಕಟ್ಟಿದಳು. ಮೇಲೆ ಕಂಬಳಿ ಹೊದಿಸಿದಳು. "ಅಳ್ಳಾಡಂಗಿಲ್ಲ! ಸೀನೂ ಬ್ಯಾಡಿ!" ಎಂದಳು. ಅಷ್ಟರಲ್ಲಿ ಪಕ್ಕದ ಮನೆಯ ಜಹೀರುನ್ನೀಸಾ ಕೊತ್ತಂಬರಿ ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಂತರು.

"ಯಾ ಅಲ್ಲಾ! ಸಾರ್‌ಗೆ ಚಳಿಜ್ವರನಾ?"

"ಇಲ್ಲ ಅಕ್ಕ, ಕಾವಿಗೆ ಕುಂತವ್ರೆ."

ಅವರು ಬಾಯಿಗೆ ಸೆರಗು ಒತ್ತಿಕೊಂಡು ಹೋದರು. ಕೊತ್ತಂಬರಿ ಮರೆತರು.

ಕರೆಂಟು ಬಂದಾಗ, "ಇನ್ನು ಪೆಟ್ಟಿಗೇಲಿ ಇಡೋಣ" ಎಂದು ಗೋಗರೆದೆ.

"ಬ್ಯಾಡ. ಅದ್ರಲ್ಲಿ ಸಾವಿರ ಡಿಗ್ರಿ ಬಂದ್ರೂ ಬರುತ್ತೆ."

"ನಾಡಿದ್ದು ಕಾಲೇಜಿಗೆ ಏನು ಹೇಳಲಿ?"

"ಬಾಣಂತಿ ಅಂತ ಹೇಳಿ."

ಭಾನುವಾರ ಬೆಳಗಿನ ಜಾವ ಹೊಕ್ಕುಳ ಹತ್ತಿರ ಏನೋ ಕುಕ್ಕಿದಂತಾಯಿತು. ಆಮೇಲೆ ಒಂದು ಸಣ್ಣ ಚೀಂವ್! ನಾನು ಹುಚ್ಚನಂತೆ ನಕ್ಕೆ. ರಂಜಿತ ಅತ್ತಳು. ಎರಡು ಮೊಟ್ಟೆ ಬಿಟ್ಟು ಉಳಿದವೆಲ್ಲ ಒಡೆದವು. ಒಂದೊಂದೂ ಬೋಳುಕತ್ತಿನ ರಾಜಕುಮಾರಿ!

ಅತ್ತೆ ಹನ್ನೊಂದು ಗಂಟೆಯ ಬಸ್ಸಿಗೆ ಬಂದರು. ನಾನು ನಡುಮನೆಯಿಂದ ಅಡುಗೆಮನೆಗೆ ಹೋದರೆ ಮರಿಗಳೆಲ್ಲ ಸಾಲಾಗಿ ನನ್ನ ಹಿಂದೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ. ಬಯ್ಗುಳ ತಿನ್ನಲು ತಲೆ ತಗ್ಗಿಸಿ ನಿಂತೆ. ಅತ್ತೆ ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕೂತು ಎದ್ದಿದ್ದ ಕಂಬಳಿಯ ಮೇಲೆ ಅಂಗೈ ಇಟ್ಟು ನೋಡಿದರು.

"ಕಾವು ಚೆಂದಾಗೈತೆ" ಎಂದರು.

ಅಬ್ಬಾ, ಬದುಕಿದೆ ಎಂದು ಉಸಿರು ಬಿಡುವಷ್ಟರಲ್ಲಿ ಕೈಚೀಲದಿಂದ ರಾಗಿ ತುಂಬಿದ ಒಂದು ಡಬ್ಬ ತೆಗೆದು ನನ್ನ ಮುಂದಿಟ್ಟರು. ರಾಗಿಯ ನಡುವೆ ಮೊಟ್ಟೆಗಳು ಇಣುಕುತ್ತಿದ್ದವು.

"ನಮ್ಮೂರ ದ್ಯಾವಯ್ಯನ ಹ್ಯಾಟೆ ಕಾವು ಬುಟ್ಟು ಎದ್ದೋಯ್ತು. ನೀವು ಕಾವಿಗೆ ಕುಂತಿದ್ದೀರಿ ಅಂತ ಮಗಳು ರಾತ್ರಿ ಫೋನಲ್ಲಿ ಹೇಳುದ್ಲು, ಊರಲ್ಲಿ ಬಾಯ್ಬುಟ್ಟೆ ನೋಡಿ, ಕೊಟ್ಟು ಕಳ್ಸವ್ನೆ. ಇನ್ನು ಮೂರು ವಾರ ಅಷ್ಟೇಯ, ಕುಂತ್ಕಳಿ ಅಳಿಯಂದ್ರೆ!"