ಬದುಕಿರುವವರಿಗೆ ಜಾಗವಿಲ್ಲ

ತೊಂದರೆ ಶುರುವಾದದ್ದು ಒಂದೇ ಒಂದು ಸಾಲಿನಿಂದ. ಪತ್ರಿಕೆಯ ಎರಡನೇ ಪುಟದ ಮೂಲೆಯಲ್ಲಿ ದಿನವೂ ಬರುವ ‘ಈ ದಿನ’ ಅಂಕಣದ ಕೆಳಗೆ ಅದು ಇರುವೆ ಸಾಲಿನ ಹಾಗೆ ಸಣ್ಣಗೆ ಅಚ್ಚಾಗುತ್ತಿತ್ತು: “ಈ ಅಂಕಣದಲ್ಲಿ ಬದುಕಿರುವವರ ಹೆಸರು ಪ್ರಕಟವಾಗುವುದಿಲ್ಲ.”

ಅಂಕಣ ಬರೆಯುವವನನ್ನು ಕಚೇರಿಯಲ್ಲಿ ಎಲ್ಲರೂ ತಾರೀಖಪ್ಪ ಎಂದು ಕರೆಯುತ್ತಿದ್ದರು. ಯಾವ ತಾರೀಖು ಹೇಳಿದರೂ ಅಂದು ಎಲ್ಲಿ ಯುದ್ಧ ಮುಗಿಯಿತು, ಯಾವ ವಿಜ್ಞಾನಿ ಹುಟ್ಟಿದ, ಯಾವ ರಾಣಿ ಕಣ್ಣು ಮುಚ್ಚಿದಳು ಎಂದು ಪಟಪಟನೆ ಒಪ್ಪಿಸುತ್ತಿದ್ದ. ಘಟನೆ, ಜನನ, ನಿಧನ ಎಂಬ ಮೂರು ತಲೆಬರಹಗಳ ನಡುವೆ ಅವನ ಬಾಳು ಸಾಗಿತ್ತು. ಹಿಂದೆ ಬದುಕಿರುವವರ ಜನ್ಮದಿನವನ್ನೂ ಹಾಕುತ್ತಿದ್ದರು. ಆಗ ಊರಿನ ಅರ್ಧ ಜನ ತಂತಮ್ಮ ಹುಟ್ಟಿದ ದಿನ ಹಿಡಿದುಕೊಂಡು ಬಂದು ಕಚೇರಿಯ ಮೆಟ್ಟಿಲ ಮೇಲೆ ಠಿಕಾಣಿ ಹೂಡತೊಡಗಿದ್ದರಿಂದ ಸಂಪಾದಕರು ರೋಸಿಹೋಗಿ ಈ ನಿಯಮ ತಂದಿದ್ದರು. ಅಂದಿನಿಂದ ಆ ಅಂಕಣದಲ್ಲಿ ಹುಟ್ಟಬೇಕೆಂದರೆ ಮೊದಲು ಸಾಯಬೇಕಿತ್ತು.

ತಾರೀಖಪ್ಪನ ಮನೆ ಮಾಲೀಕರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮದುವೆಯ ಗೊಡವೆಗೆ ಹೋಗದೆ ಕೆಳಮನೆಯಲ್ಲಿ ಒಬ್ಬರೇ ಇದ್ದರು. ಮಹಡಿಯ ಮೇಲೆ ತಾರೀಖಪ್ಪ ಮತ್ತು ಅವನ ಹೆಂಡತಿ. ಇನ್ಸ್‌ಪೆಕ್ಟರಿಗೆ ಒಬ್ಬ ತಮ್ಮನಿದ್ದ. ಅಪ್ಪ ಬಿಟ್ಟುಹೋದ ಗೋಡೆ ಗಡಿಯಾರ ಯಾರಿಗೆ ಸೇರಬೇಕು ಎಂದು ಜಗಳ ಹತ್ತಿ, ಇಬ್ಬರೂ ವರ್ಷಗಟ್ಟಲೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಒಂದು ಸಂಜೆ ಇನ್ಸ್‌ಪೆಕ್ಟರು ಮೆಟ್ಟಿಲಿಗೆ ಅಡ್ಡ ನಿಂತು ತಾರೀಖಪ್ಪನನ್ನು ಹಿಡಿದರು.

“ನೋಡಪ್ಪಾ, ಬರೋ ಶನಿವಾರ ನಾನು ಹುಟ್ಟಿದ ದಿನ. ನಿನ್ನ ಅಂಕಣದಲ್ಲಿ ನನ್ನ ಹೆಸರು ಬರಬೇಕು.”

“ಸಾರ್, ಬದುಕಿರೋರನ್ನ ಹಾಕಲ್ಲ. ಕೆಳಗೆ ಬರೆದೇ ಇರುತ್ತಲ್ಲ.”

“ಅಷ್ಟು ಸಣ್ಣ ಅಕ್ಷರ ಯಾರಿಗೆ ಕಾಣುತ್ತೆ? ಬದುಕಿರೋದು ನನ್ನ ತಪ್ಪಾ? ಹೆಸರು ಬಂದರೆ ನೀನು ಎಷ್ಟು ವರ್ಷ ಬೇಕಾದರೂ ಇರು. ಬರಲಿಲ್ಲ ಅಂದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡು.”

ತಾರೀಖಪ್ಪ ಮೇಲೆ ಹೋಗಿ ಹೆಂಡತಿಗೆ ಹೇಳಿದ. ಆಕೆ ಮದುವೆಯಾದಂದಿನಿಂದ ಒಂದಲ್ಲ ಒಂದು ಮನೆಯಿಂದ ಸಾಮಾನು ಕಟ್ಟುತ್ತಲೇ ಇದ್ದವಳು. ಕಿಟಕಿ ಇರುವ ಅಡುಗೆಮನೆ ಸಿಕ್ಕಿದ್ದು ಇಲ್ಲಿಯೇ.

“ರೀ, ಇನ್ನೊಂದು ಸಲ ಪಾತ್ರೆ ಗಂಟು ಕಟ್ಟೋಕೆ ನನ್ನ ಕೈಲಾಗಲ್ಲ,” ಎಂದಳು. “ನಿಯಮ ಕಾಯೋದಿದ್ದರೆ ನೀವು ಬೀದಿಯಲ್ಲಿ ಕೂತು ಕಾಯಿರಿ. ನಾನಂತೂ ಈ ಕಿಟಕಿ ಬಿಟ್ಟು ಬರಲ್ಲ.”

ತಾರೀಖಪ್ಪ ಹಲ್ಲು ಕಚ್ಚಿ ನಿರ್ಧರಿಸಿದ. ಏನಾದರಾಗಲಿ, ಈ ಮನೆ ಬಿಡುವುದಿಲ್ಲ. ಸಂಪಾದಕರು ಎರಡನೇ ಪುಟ ಓದುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಶುಕ್ರವಾರ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ, ಒಬ್ಬ ಗಣಿತಜ್ಞ ಮತ್ತು ಒಬ್ಬ ನೌಕಾ ಸೇನಾಪತಿಯ ನಡುವೆ ತನ್ನ ಮನೆ ಮಾಲೀಕರನ್ನು ಮೆಲ್ಲಗೆ ತೂರಿಸಿದ. ಅವರ ಹೆಸರಿನ ಮುಂದೆ ‘ಪ್ರಾಮಾಣಿಕ ಅಧಿಕಾರಿ’ ಎಂದೂ ಸೇರಿಸಿದ. ಮನೆಗೆ ಬಂದು, ಬಹಳ ದಿನಗಳ ಮೇಲೆ, ನಿಶ್ಚಿಂತೆಯಿಂದ ಮಲಗಿದ.

ಶನಿವಾರ ಅವನು ಎದ್ದದ್ದು ಕೆಳಗಿನ ಗಲಾಟೆಗೆ. ಕಣ್ಣುಜ್ಜಿಕೊಂಡು ಬಂದು ನೋಡಿದರೆ ಬೀದಿ ತುಂಬ ಜನ. ಪಕ್ಕದ ದರ್ಜಿ ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈಯಲ್ಲಿ ಅಂದಿನ ಪತ್ರಿಕೆ ಹಿಡಿದು ಎಲ್ಲರಿಗೂ ಮುಂದಾಳಾಗಿ ನಿಂತಿದ್ದ. ಬಾಡಿಗೆ ಕುರ್ಚಿಗಳು ಆಗಲೇ ಬಂದಿಳಿದಿದ್ದವು.

“ಎಂಥ ಮನುಷ್ಯ ಹೋಗಿಬಿಟ್ಟರು ಅಣ್ಣಾ,” ಎಂದು ದರ್ಜಿ ಮೂಗೆಳೆದ. “ನನ್ನ ಅಳತೆ ಟೇಪು ಗಿಡ್ಡ ಅಂತ ಒಂದು ಸಲ ಕಿತ್ಕೊಂಡು ಹೋಗಿದ್ದರು. ಈಗ ನೆನೆಸಿಕೊಂಡರೆ ಕರುಳು ಚುರುಕ್ ಅನ್ನುತ್ತೆ.”

ತಾರೀಖಪ್ಪನ ನಿದ್ದೆ ಪೂರ್ತಿ ಹಾರಿಹೋಯಿತು. “ಅವರು ಸತ್ತಿಲ್ಲ ಮಾರಾಯ. ಚೆನ್ನಾಗಿದ್ದಾರೆ.”

“ನೀವೇ ಬರೆದಿದ್ದೀರಿ,” ಎಂದು ದರ್ಜಿ ಪತ್ರಿಕೆ ಬಿಡಿಸಿ ಆ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ. ಸೂಜಿಗೆ ದಾರ ಪೋಣಿಸುವ ಕಣ್ಣು, ಅವನಿಗೆ ಯಾವ ಅಕ್ಷರವೂ ಸಣ್ಣದಲ್ಲ. “ಬದುಕಿದ್ದರೆ ಇಲ್ಲಿ ಯಾಕೆ ಬರ್ತಿದ್ದರು? ಬಾಗಿಲಿಗೆ ಬೀಗ. ಒಳಗೆ ಫೋನು ಹೊಡ್ಕೋತಾನೇ ಇದೆ, ಎತ್ತೋರಿಲ್ಲ. ಇನ್ನೇನು ಬೇಕು?”

“ಪೇಪರ್ ಕೊಳ್ಳೋಕೆ ಹೋಗಿರಬೇಕು. ಫೋನು ಮರೆತಿದ್ದಾರೆ ಅಷ್ಟೇ.”

“ದೇಹ ಎಲ್ಲಿದೆ ಅಂತಾದರೂ ಹೇಳಿ,” ಎಂದರು ಹಿಂದಿನಿಂದ ಯಾರೋ.

“ದೇಹ ಪೇಟೆ ಕಡೆ ಹೋಗಿದೆ,” ಎಂದ ತಾರೀಖಪ್ಪ ತಾಳ್ಮೆಗೆಟ್ಟು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ಬಾಡಿಗೆದಾರನ ತಲೆ ಕೆಟ್ಟಿದೆ ಎಂದು ತೀರ್ಮಾನವಾಯಿತು. ಒಬ್ಬಾಕೆ ಅವನಿಗೆ ನೀರು ತಂದುಕೊಟ್ಟಳು.

“ಅವರ ತಮ್ಮನಿಗೆ ನಾನೇ ಫೋನ್ ಮಾಡಿದೆ,” ಎಂದು ದರ್ಜಿ ಸೇರಿಸಿದ. “ಆ ಕಡೆ ಒಂದೇ ಅಳು. ಸಂಸಾರ ಸಮೇತ ಹೊರಟಿದ್ದಾರೆ.”

ತಾರೀಖಪ್ಪ ಸ್ಕೂಟರಿನ ಕಡೆ ಓಡಿದ. ತಾವು ಸತ್ತ ಸುದ್ದಿ ಮಾಲೀಕರ ಕಿವಿಗೆ ಬೀಳುವ ಮೊದಲು ಅವರನ್ನು ಹಿಡಿಯಲೇಬೇಕು. ಇಲ್ಲದಿದ್ದರೆ ಮನೆ ಕೈಬಿಟ್ಟ ಹಾಗೆಯೇ. ಸ್ಕೂಟರಿನ ಕಿಕ್ ಒದೆಯುವಾಗಲೇ ಸಂಪಾದಕರ ಫೋನು ಬಂತು. ಆಫೀಸಿಗೆ ಸಂತಾಪದ ಕರೆಗಳು ಬಂದು ಬಂದು ಅವರು ಕೆಂಡವಾಗಿದ್ದರು.

“ಸಾರ್, ನನ್ನದೇ ತಪ್ಪು,” ಎಂದ ತಾರೀಖಪ್ಪ. “ನಾಳೆ ಒಂದು ತಿದ್ದುಪಡಿ ಹಾಕಿಬಿಡೋಣ.”

“ಏನಂತ ತಿದ್ದೋದು? ಅವರು ಇವತ್ತಿನ ದಿನ ಹುಟ್ಟಿದ್ದು ಸುಳ್ಳಾ?”

“ನಿಜ ಸಾರ್.”

“ಅವರು ಸತ್ತರು ಅಂತ ನಾವು ಎಲ್ಲಾದರೂ ಹಾಕಿದ್ದೀವಾ?”

“ಇಲ್ಲ ಸಾರ್.”

“ಮತ್ತೆ? ಇರೋದು ಒಂದೇ ತಪ್ಪು, ಅವರು ಬದುಕಿರೋದು. ಅದನ್ನ ಪತ್ರಿಕೆ ತಿದ್ದೋಕಾಗಲ್ಲ. ಸಂಜೆಯೊಳಗೆ ಅವರ ಕಡೆಯಿಂದ ಏನೂ ತಕರಾರಿಲ್ಲ ಅಂತ ಮಾಡ್ಕೊಂಡು ಬಾ, ಇಲ್ಲದಿದ್ದರೆ ಬರಲೇಬೇಡ.”

ಈಗ ಮನೆಯ ಜೊತೆಗೆ ಕೆಲಸವೂ ತಕ್ಕಡಿಯಲ್ಲಿ ಬಿತ್ತು. ಆದರೂ ತಾರೀಖಪ್ಪ ಎದೆಗುಂದಲಿಲ್ಲ. ಪೇಟೆಯ ಪತ್ರಿಕೆ ಅಂಗಡಿಗೆ ಹೋದ. “ಇದ್ದಬದ್ದ ಪೇಪರೆಲ್ಲ ಕೊಂಡುಕೊಂಡು ಹೋದರು, ತುಂಬಾ ಖುಷಿಯಲ್ಲಿದ್ದರು,” ಎಂದ ಅಂಗಡಿಯವನು. ಕಾಫಿ ಹೋಟೆಲಿಗೆ ಹೋದ. ಮೇಜಿನ ಮೇಲೊಂದು ಪತ್ರಿಕೆ ಬಿದ್ದಿತ್ತು, ಅದರಲ್ಲಿ ಮಾಲೀಕರ ಹೆಸರಿನ ಸುತ್ತ ಕೆಂಪು ಶಾಯಿಯ ಗೆರೆ. ಬ್ಯಾಂಕಿನಲ್ಲಿ ಕೇಳಿದ, ಕ್ಷೌರದ ಅಂಗಡಿಯಲ್ಲಿ ಕೇಳಿದ. ಎಲ್ಲೆಡೆ ಕೆಂಪು ಗೆರೆಯ ಪತ್ರಿಕೆ ಇತ್ತು, ಮಾಲೀಕರು ಇರಲಿಲ್ಲ. ಕಡೆಗೆ ಅವರ ಹಳೆಯ ಕಚೇರಿಯೇ ಗತಿ ಎಂದು ಅತ್ತ ಗಾಡಿ ತಿರುಗಿಸಿದ.

ತೂಕ ಮತ್ತು ಅಳತೆ ಕಚೇರಿಯ ಹಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತಿದ್ದರು. ಗೋಡೆಯುದ್ದಕ್ಕೂ ಮುಟ್ಟುಗೋಲು ಹಾಕಿಕೊಂಡ ತಕ್ಕಡಿಗಳು, ಕಬ್ಬಿಣದ ಬಟ್ಟುಗಳು. ಕೊನೆಯ ಸಾಲಿನಲ್ಲಿ, ಕಂಕುಳಲ್ಲಿ ಉಳಿದ ಪತ್ರಿಕೆಗಳನ್ನು ಅವುಚಿಕೊಂಡು, ಎಲ್ಲರಿಗಿಂತ ಒಂದು ಗೇಣು ಹೆಚ್ಚೇ ತಲೆ ತಗ್ಗಿಸಿ, ಮಾಲೀಕರೂ ನಿಂತಿದ್ದರು.

ತಾರೀಖಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅವರ ತೋಳು ಮುಟ್ಟಿದ. “ಸಾರ್, ಬನ್ನಿ ಹೋಗೋಣ.”

“ಸುಮ್ಮನಿರು. ಯಾರೋ ತೀರಿಕೊಂಡಿದ್ದಾರೆ.”

“ಯಾರು ಸಾರ್?”

“ಗೊತ್ತಿಲ್ಲ, ನಾನು ಈಗ ತಾನೇ ಬಂದೆ. ಒಳ್ಳೆಯವರಿರಬೇಕು.”

ಮೌನ ಮುಗಿಯಿತು. ಮೇಲಧಿಕಾರಿ ಗಂಟಲು ಸರಿಮಾಡಿಕೊಂಡು, ಹಾಲಿನ ತುಂಬ ಕೇಳುವಂತೆ ಮಾಲೀಕರ ಹೆಸರು ಹೇಳಿ, “ಅವರಂಥವರು ಇನ್ನು ಹುಟ್ಟುವುದಿಲ್ಲ,” ಎಂದರು. ಮಾಲೀಕರು ನಿಧಾನವಾಗಿ ತಲೆ ಎತ್ತಿದರು. ಮುಂದಿನ ಸಾಲಿನ ಟೈಪಿಸ್ಟ್ ತಿರುಗಿ ನೋಡಿ, ಕುಸಿದು, ಒಂದು ತಕ್ಕಡಿಯ ತಟ್ಟೆಯಲ್ಲಿ ಕೂತುಬಿಟ್ಟಳು.

ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಮಾಲೀಕರು ಗುಡುಗಿದರು. “ನಾನು ಹುಟ್ಟಿದ್ದನ್ನ ಹಾಕು ಅಂದರೆ ಸಾಯಿಸಿಬಿಟ್ಟೆಯಲ್ಲಯ್ಯಾ. ಇವತ್ತೇ ಖಾಲಿ ಮಾಡು. ಸಂಜೆ ದೀಪ ಹಚ್ಚೋ ಹೊತ್ತಿಗೆ ನಿನ್ನ ಒಂದು ಚಮಚವೂ ಮೇಲಿರಕೂಡದು.” ತಾರೀಖಪ್ಪ ಏನು ಹೇಳಿದರೂ ಗಾಳಿಗೆ ಹೋಯಿತು. ಕಿಟಕಿಯ ಹತ್ತಿರ ನಿಂತು ಅಡುಗೆ ಮಾಡುವ ಹೆಂಡತಿಯ ಮುಖ ಅವನ ಕಣ್ಣ ಮುಂದೆ ಬಂತು. ಬೇಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಮನೆಯ ಮುಂದೆ ಸ್ಕೂಟರು ನಿಲ್ಲುತ್ತಲೇ ದರ್ಜಿಯ ಹೂಗುಚ್ಛ ಕೆಳಗೆ ಬಿತ್ತು. ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ಗೋಳೋ ಎಂದು ಅಳುತ್ತಿದ್ದ ಒಬ್ಬ ದಪ್ಪ ಮನುಷ್ಯ ತಿರುಗಿ ನೋಡಿದ.

“ಅಣ್ಣಾ,” ಎಂದ ಅವನು. ಇನ್ನೇನೂ ಹೇಳಲಾಗದೆ ಬಂದು ಮಾಲೀಕರನ್ನು ತಬ್ಬಿಕೊಂಡ. ಮಾಲೀಕರು ಮೊದಲು ಕಂಬದ ಹಾಗೆ ಸೆಟೆದು ನಿಂತಿದ್ದರು. ಆಮೇಲೆ ತಮ್ಮನ ಬೆನ್ನ ಮೇಲೆ ಕೈಯಿಟ್ಟರು. “ಯಾಕೋ ಇಷ್ಟು ಸೊರಗಿಹೋಗಿದ್ದೀಯ,” ಎನ್ನುತ್ತ ಅವರೂ ಅತ್ತರು. ಸುತ್ತ ನಿಂತವರಿಗೂ ಅಳು ಬಂತು. ಬೆಳಿಗ್ಗೆಯಿಂದ ಕಾದಿದ್ದಕ್ಕೆ ಏನಾದರೂ ಸಿಗಬೇಕಲ್ಲ. ತಾರೀಖಪ್ಪ ಕೂಡ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

ಜನ ಚದುರಿ ಕುರ್ಚಿಗಳು ವಾಪಸು ಹೋದ ಮೇಲೆ ಮಾಲೀಕರು ಅವನನ್ನು ಒಳಗೆ ಕರೆದರು. ಸಿಟ್ಟಿನ ಸುಳಿವೇ ಇರಲಿಲ್ಲ. ಸಂಪಾದಕರಿಗೆ ತಾವೇ ಫೋನು ಮಾಡಿ, ಪತ್ರಿಕೆಯಿಂದ ತಮಗೆ ಬಹಳ ಉಪಕಾರವಾಯಿತೆಂದು ತಿಳಿಸಿದರು. ಕೆಲಸ ಉಳಿಯಿತು. ತಾರೀಖಪ್ಪನಿಗೆ ಹೋದ ಜೀವ ಬಂದಂತಾಯಿತು.

“ಇಷ್ಟು ವರ್ಷ ನೆಂಟರಿಷ್ಟರೆಲ್ಲ ಸೇರಿದರೂ ಆಗದ್ದನ್ನ ನೀನೊಬ್ಬನೇ ಮಾಡಿದೆಯಪ್ಪಾ,” ಎಂದು ಮಾಲೀಕರು ಅವನ ಎರಡೂ ಕೈ ಹಿಡಿದುಕೊಂಡರು. “ದಾರಿಯಲ್ಲಿ ಕೋಪದಲ್ಲಿ ಏನೇನೋ ಅಂದೆ. ಮನಸ್ಸಿಗೆ ಹಚ್ಚಿಕೋಬೇಡ.”

“ಅದಕ್ಕೇನು ಸಾರ್. ಅಣ್ಣತಮ್ಮಂದಿರು ಒಂದಾದರಲ್ಲ, ನನಗೆ ಅಷ್ಟೇ ಸಾಕು.”

“ಒಂದಾಗೋದು ಅಂದರೆ ಹಾಗಿರಬೇಕು ನೋಡು. ಇನ್ನು ಅಣ್ಣನನ್ನ ಬಿಟ್ಟು ಒಂದು ದಿನವೂ ಇರಲ್ಲ ಅಂತ ಹಟ ಹಿಡಿದಿದ್ದಾನೆ. ಹೆಂಡತಿ ಮಕ್ಕಳ ಸಮೇತ ಇಲ್ಲಿಗೇ ಬಂದುಬಿಡ್ತಾನಂತೆ.”

“ಬಹಳ ಸಂತೋಷ ಸಾರ್,” ಎಂದ ತಾರೀಖಪ್ಪ. ಆಮೇಲೆ ಕೇಳಿದ, “ಇಲ್ಲಿಗೆ ಅಂದರೆ ಎಲ್ಲಿಗೆ?”

ಮಹಡಿಯ ಮೇಲಿನಿಂದ ಮಾತು ಕೇಳಿಸಿತು. ತಮ್ಮನ ಹೆಂಡತಿ ತಾರೀಖಪ್ಪನ ಹೆಂಡತಿಯನ್ನು ವಿಚಾರಿಸುತ್ತಿದ್ದಳು: “ಈ ಅಡುಗೆಮನೆ ಕಿಟಕಿಗೆ ಪರದೆ ಎಷ್ಟುದ್ದ ಬೇಕಾಗುತ್ತೆ ರೀ?” ಅದಕ್ಕೆ ಉತ್ತರವಾಗಿ ಪಾತ್ರೆಯೊಂದು ದಢಾರನೆ ನೆಲಕ್ಕೆ ಬಿದ್ದ ಸದ್ದು ಬಂತು.

“ಆತುರ ಏನೂ ಇಲ್ಲ,” ಎಂದು ಮಾಲೀಕರು ಅಕ್ಕರೆಯಿಂದ ಅವನ ಬೆನ್ನು ಸವರಿದರು. “ತಿಂಗಳ ಕೊನೆಗೇ ಹೋಗು ಅಂತ ನಿನ್ನಂಥವನಿಗೆ ಹೇಳೋಕೆ ಬಾಯಿ ಬರಲ್ಲ. ಇನ್ನೊಂದು ವಾರ ಜಾಸ್ತಿ ತಗೋ.”